‘ತಗಿ’ ಎಂಬ ಪದಕ್ಕೆ ನಾನು ಬರೆದ ನಿಯಮ

ಆಲಕೊಪ್ಪ, ಕೃಷ್ಣೆಯ ಹೊಸ ದಂಡೆ
೨೧೮೭, ಹದಿಮೂರನೆಯ ತಿಂಗಳ ಒಂಬತ್ತನೆಯ ದಿನ

ನೂರೈವತ್ತು ವರ್ಷ ಹಿಂದಿರುವ ಹಿರಿಯರಿಗೆ ಇಂದುಮತಿ ಹೂಗಾರಳ ನಮಸ್ಕಾರಗಳು.

ನಿಮ್ಮ ಪಂಚಾಂಗದಲ್ಲಿ ಈ ತಿಂಗಳಿಲ್ಲ. ಬೇಸಿಗೆ ಬೆಳೆಯುತ್ತ ಹೋದಾಗ ನಮ್ಮ ಅಜ್ಜಂದಿರು ವರ್ಷವನ್ನು ಹೊಸದಾಗಿ ಹಂಚಿಕೊಂಡರು. ನನ್ನ ಬರವಣಿಗೆಯಲ್ಲಿ ನೀವು ಕೇಳರಿಯದ ಪದಗಳು ಬಂದರೆ ಕ್ಷಮಿಸಬೇಕು. ಆದಷ್ಟು ಬಿಡಿಸಿ ಹೇಳುತ್ತೇನೆ.

ವರ್ಷದ ಐದು ತಿಂಗಳು ನಮ್ಮ ಹಗಲು ಕಳೆಯುವುದು ನೆಲದಡಿಯ ತಂಪುಕೇರಿಯಲ್ಲಿ. ಬಂಡೆ ಕೊರೆದು ಮಾಡಿದ ಉದ್ದನೆಯ ಓಣಿ ಅದು. ಅಲ್ಲೇ ರೊಟ್ಟಿ ಬಡಿಯುತ್ತೇವೆ, ಮಕ್ಕಳಿಗೆ ಪಾಠ ಹೇಳುತ್ತೇವೆ, ಮಧ್ಯಾಹ್ನ ಮಲಗುತ್ತೇವೆ. ಅದರ ಬಾಯಿಗೆ ಉಕ್ಕಿನ ಕದ. ಬಿಸಿಗಾಳಿ ನುಗ್ಗದಂತೆ ಹೊರಗಿನಿಂದ ತಿರುಪು ಬಿಗಿದಿರುತ್ತಾರೆ. ಕದ ಕಾಯುವವರು, ತಂತಿ ಎಳೆಯುವವರು, ಡಾಕ್ಟರು, ಎಲ್ಲರೂ ಬೇರೆ ಬೇರೆ ಸೀಮೆಯವರು. ಯಾರೂ ಯಾರ ಭಾಷೆಯನ್ನೂ ಕಲಿಯುವುದಿಲ್ಲ. ಒಬ್ಬರ ಸಂದೇಶ ಇನ್ನೊಬ್ಬರ ಭಾಷೆಗೆ ತಿರುಗಿ ಅವರ ಕಿವಿಯ ಯಂತ್ರಕ್ಕೆ ತಲುಪುತ್ತದೆ. ತಿರುಗಿಸುವ ಯಂತ್ರಕ್ಕೆ ನುಡಿಗಾಲುವೆ ಎನ್ನುತ್ತೇವೆ. ಅದು ಎಡವುವ ಪದಗಳಿಗಾಗಿ ಊರಿಗೊಂದು ಪದಕಟ್ಟು ಇದೆ, ಅಂದರೆ ಇಂಥ ಪದ ಬಂದರೆ ಇಂಥದ್ದನ್ನೇ ಬಳಸು ಎಂಬ ನಿಯಮಗಳ ಪಟ್ಟಿ. ಯಂತ್ರ ತನ್ನ ಬುದ್ಧಿಯನ್ನು ಬದಿಗಿಟ್ಟು ಆ ಪಟ್ಟಿಯನ್ನು ಪಾಲಿಸುತ್ತದೆ. ಆಲಕೊಪ್ಪದ ಪದಕಟ್ಟು ಬರೆಯುವವಳು ನಾನು.

ಹೋದ ವರ್ಷ ಕಂಬ ಹತ್ತಿದ್ದ ನಮ್ಮೂರಿನ ಲೈನ್‌ಮನ್ ಒಬ್ಬ ಕರೆಂಟ್ ತಗೀರಿ ಎಂದು ಸಂದೇಶ ಕಳಿಸಿದ. ಆರಿಸಿ ಎಂಬುದು ಅವನ ಅರ್ಥ. ಯಂತ್ರ ಅದನ್ನು ‘ತೆರೆ’ ಎಂದುಕೊಂಡು ಕರೆಂಟ್ ಬಿಡಿ ಎಂದು ತಿರುಗಿಸಿತು. ಅವನ ಎರಡೂ ಕೈ ಹೋದವು. ಮರುದಿನವೇ ನಾನು ನಿಯಮ ಬರೆದೆ: ‘ತಗಿ’ ಎಂದು ಬಂದಲ್ಲೆಲ್ಲ ‘ಬಂದ್ ಮಾಡು’ ಎಂದಾಗಬೇಕು. ಕಚೇರಿಯ ಹಿರಿಯರಾದ ದೊಡ್ಡಬಸಪ್ಪನವರು ಅದನ್ನು ಓದಿ ಮುಖ ಸಣ್ಣದು ಮಾಡಿಕೊಂಡರು.

“ತಂಗಿ, ನಾವು ಬಾಗಲಾನೂ ತಗೀತೀವಲ್ಲವಾ. ಕರೆಂಟು, ದೀಪ ಇದ್ದಲ್ಲಿ ಅಷ್ಟಽ ಅಂತ ಬರಿ.”

ಆಮೇಲೆ ಬರೆಯುತ್ತೇನೆ ಎಂದೆ. ಅಂದು ಸಂಜೆ ಲೈನ್‌ಮನ್ನನ ಹೆಂಡತಿ ಬಂದು, ಇನ್ನೊಬ್ಬರಿಗೆ ಹೀಗಾಗದಂತೆ ಮಾಡಿದಿರಿ ಎಂದು ನನ್ನ ಕೈ ಹಿಡಿದು ಅತ್ತಿದ್ದಳು. ಆ ಹೆಮ್ಮೆಯಲ್ಲಿ ನಾನು ಪಟ್ಟಿಯನ್ನು ಮತ್ತೆ ತೆರೆದು ನೋಡಲಿಲ್ಲ.

ನಿಯಮ ಬರೆದ ಹನ್ನೆರಡನೆಯ ದಿನ ಮಧ್ಯಾಹ್ನ, ಮೇಲಿನ ಅಣೆಕಟ್ಟೆಯಿಂದ ಬಿಟ್ಟ ನೀರು ಹಳೆಯ ಬಾವಿಯೊಂದರ ಮಗ್ಗುಲು ಒಡೆದು ತಂಪುಕೇರಿಯ ಹಿಂಭಾಗದಿಂದ ನುಗ್ಗಿತು. ಒಳಗೆ ಹದಿನೇಳು ಜನರಿದ್ದರು. ಅವರಲ್ಲಿ ನನ್ನ ಅಕ್ಕ ಶಿವಲೀಲಾ ಒಬ್ಬಳು. ಕದದ ಕಾವಲಿಗೆ ತಮಿಳುಸೀಮೆಯ ಮಾಸಿಲಾಮಣಿ ಇದ್ದರು. ಅಕ್ಕನ ಸಂದೇಶ ಇವತ್ತಿಗೂ ದಾಖಲೆಯಲ್ಲಿದೆ.

“ಯಣ್ಣಾ, ಕದಾ ತಗೀರಿ. ನೀರ ಎದಿಮಟ ಬಂದೈತಿ.”

ಮಾಸಿಲಾಮಣಿಯವರಿಗೆ ತಲುಪಿದ್ದು ಕದ ಬಂದ್ ಮಾಡಿ ಎಂದು. ನೀರು ತಮಗೆ ಕಾಣದಂತೆ ಕದದ ಸಂದಿಯಿಂದ ಒಳಕ್ಕೆ ಇಳಿಯುತ್ತಿದೆ, ಅದನ್ನು ತಡೆಯಲು ಒಳಗಿನವರು ಬೇಡುತ್ತಿದ್ದಾರೆ ಎಂದುಕೊಂಡರು. ಇದ್ದ ಬಲವನ್ನೆಲ್ಲ ಹಾಕಿ ತಿರುಪು ಬಿಗಿದರು. ಸಂದೇಶ ಮತ್ತೆ ಬಂತು, ಮತ್ತೆ ಬಿಗಿದರು. ಹೀಗೆ ನಾಲ್ಕು ಸಲ. ಕೊನೆಗೆ ಕದದ ಅಡಿಯಿಂದ ನೀರು ಹೊರಕ್ಕೆ ಒಸರಿದ್ದನ್ನು ಕಂಡು ತಾವಾಗಿಯೇ ತೆರೆದರು. ಮೂವರು ಬದುಕಿದರು. ಅಕ್ಕ ಅವರಲ್ಲಿರಲಿಲ್ಲ.

ವಿಚಾರಣೆ ಒಂದೇ ದಿನದಲ್ಲಿ ಮುಗಿಯಿತು. ಯಂತ್ರ ನಿಯಮವನ್ನು ತಪ್ಪಿಲ್ಲದೆ ಪಾಲಿಸಿದೆ, ನಿಯಮ ಬರೆದವಳಿಗೆ ಬರೆಯುವ ಅಧಿಕಾರವಿತ್ತು ಎಂದು ತೀರ್ಪಾಯಿತು. ನನಗೆ ಶಿಕ್ಷೆಯಾಗಲಿಲ್ಲ. ಆಗಿದ್ದರೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ಮಾಸಿಲಾಮಣಿಯವರ ಮನೆಗೆ ಹೋದೆ. ಇಬ್ಬರೂ ಕಿವಿಯ ಯಂತ್ರ ತೆಗೆದಿಟ್ಟೆವು. ಅವರು ಗಾಳಿಯಲ್ಲಿ ಕದ ತೆರೆಯುವಂತೆ ಕೈ ಆಡಿಸಿ, “ಕದವೈ ತಿರ” ಎಂದರು. ಅವರ ಭಾಷೆಯಲ್ಲಿ ಹಾಗನ್ನುತ್ತಾರೆಂದು ಕೈಸನ್ನೆಯಿಂದಲೇ ತಿಳಿಯಿತು. ನಾನು “ಕದ ತೆರೆ” ಎಂದೆ. ಅವರು ನನ್ನನ್ನೇ ನೋಡಿದರು. ಇಷ್ಟು ಹತ್ತಿರದ ಮಾತು ನಮ್ಮದು. ಆಮೇಲೆ ಯಂತ್ರದ ಮೂಲಕ ತಿಳಿಸಿದರು: ಉಕ್ಕಿನಾಚೆಯಿಂದ ಕದ, ಕದ ಎಂಬ ಕೂಗು ಅವರಿಗೆ ಕೇಳಿಸಿತ್ತಂತೆ. ಕಿವಿಗೆ ಬಿದ್ದದ್ದನ್ನು ನಂಬಬಾರದು, ಸಂದೇಶವನ್ನು ನಂಬಬೇಕು ಎಂದು ಕಲಿಸಿದ್ದರಿಂದ ತಿರುಪು ಬಿಗಿಯುತ್ತಲೇ ಹೋದರಂತೆ. ಹೇಳುತ್ತ ಮುಖ ಮುಚ್ಚಿಕೊಂಡು ಅತ್ತರು.

ನಮ್ಮೂರಿನ ನಿಯಮವನ್ನು ಅಳಿಸಿದ್ದೇನೆ. ಆದರೆ ಮೇಲಿನ ಕಚೇರಿ ಅದನ್ನು ಮೆಚ್ಚಿ ಆಗಲೇ ಇನ್ನೂರು ಊರುಗಳಿಗೆ ಹಂಚಿತ್ತು. ಪ್ರತಿ ಊರಿಗೂ ಬರೆದೆ. ಮೂವತ್ತೊಂದು ಊರುಗಳು ಅಳಿಸಿದವು. ಉಳಿದವುಗಳಲ್ಲಿ ಪಟ್ಟಿ ನೋಡಿಕೊಳ್ಳುವವರಿಗೆ ಕನ್ನಡ ಬಾರದು; ಯಂತ್ರ ನನ್ನ ಪತ್ರದ ‘ತಗಿ’ಯನ್ನೂ ‘ಬಂದ್ ಮಾಡು’ ಎಂದೇ ತಿರುಗಿಸುತ್ತದೆ, ಓದಿ ತಿಳಿಯುವವರೇ ಇಲ್ಲ.

ಹಿರಿಯರೇ, ಇಂಥ ಪಟ್ಟಿಗಳ ಮೊದಲ ಸಾಲುಗಳನ್ನು ಬರೆಯುತ್ತಿರುವವರು ನೀವು. ಬರೆಯಿರಿ, ಬೇಡ ಎನ್ನಲಾರೆ. ಪ್ರತಿ ಕದದ ಬಳಿ ಎರಡೂ ಮಾತು ಬಲ್ಲ ಒಬ್ಬ ಮನುಷ್ಯನನ್ನು ಮಾತ್ರ ಉಳಿಸಿ. ಉಳಿಸುತ್ತೀರೆಂಬ ನಂಬಿಕೆ ನನಗಿಲ್ಲ. ಉಳಿಸಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಬಿಸಿಲು ಏರುತ್ತಿದೆ. ನೂರ ಅರವತ್ತೊಂಬತ್ತು ಊರುಗಳಲ್ಲಿ ಜನ ಈಗ ಒಳಗಿಳಿಯುತ್ತಿರುತ್ತಾರೆ, ಹೊರಗೆ ಯಾರೋ ತಿರುಪು ಬಿಗಿಯುತ್ತಿರುತ್ತಾರೆ.

ನಿಮ್ಮ
ಇಂದುಮತಿ