ಅಪ್ಪನ ಗುಂಡಿನ ಅಳತೆಗೆ

ಕುಹ್ಮೋ, ಭಾನುವಾರ

ಪ್ರೀತಿಯ ಅಪ್ಪ,

ಫೋನಿನಲ್ಲಿ ಎಷ್ಟು ಕಿರುಚಿದರೂ ನೀನು "ಆಂ?" ಅನ್ನುತ್ತೀ, ಅದಕ್ಕೇ ಈ ಪತ್ರ.

"ಬಂದೂಕಿಗೂ ಕುಲಾವಿನಾ?" ಎಂದು ನಗುತ್ತಿದ್ದೆಯಲ್ಲ, ಆ ಸೈಲೆನ್ಸರ್ ಕೊಂಡೆ. ತೌನೋ ಮಾಮ, "ನಿನ್ ಸಣ್ಣ ಗುಂಡಿಗೆ ಸಣ್ಣ ತೂತಿಂದೇ ತಗೊಳ್ಳೇ, ಸದ್ದು ಇನ್ನೂ ಕಮ್ಮಿ" ಎಂದ. "ಅದ್ರಲ್ಲಿ ಅಪ್ಪನ ಗುಂಡು ತೂರತ್ತಾ?" ಎಂದೆ. ನಿನ್ನ ದಪ್ಪ ಗುಂಡಿನ ಅಳತೆಯದನ್ನೇ, ಅದರ ಹೊಡೆತ ತಾಳುವುದನ್ನೇ ಆರಿಸಿದೆ. ನನ್ನದಕ್ಕೂ ಅದೇ ಸಾಕು. ಇದು ಕೂರಲು ನಿನ್ನ ನಳಿಗೆಯ ತುದಿಗೂ ನನ್ನದರಂಥದೇ ತಿರುಪು ಕೊರೆಸಬೇಕು, ಬಂದೂಕು ಮಾಮನ ಕೈಲಿ ಕಳಿಸು.

ನಿನ್ನೆ ನನ್ನ ಮೊದಲ ಮೂಸ್ ಜಿಂಕೆ ಒಂದೇ ಗುಂಡಿಗೆ ಬಿತ್ತು. ಗುಂಡು ಹಾರಿದ ಮೇಲೂ ಕಿವಿ ಗುಂಯ್ ಅನ್ನಲಿಲ್ಲ, ನಮ್ಮ ನಾಯಿ ರೇಮು ಬೊಗಳುವುದು ಕೇಳುತ್ತಲೇ ಇತ್ತು. ನಿನ್ನ ಎಡಗಿವಿಯಲ್ಲಿ ಇನ್ನೂ ಸ್ವಲ್ಪ ಉಳಿದಿದೆಯಲ್ಲ ಅಪ್ಪ, ಬಾ, ನೀನೂ ಕೇಳು.

ಮೂಸ್ ಹೊಡೆದ ನಿನ್ನ ಮಗಳು,
ಇಂಕೆರಿ