ಎಡತೋಳಿನ ಕಪ್ಪು ಪಟ್ಟಿ

ಫೆ. 5, ಸೋಮವಾರ. ಬೆಳಿಗ್ಗೆ 11

ಎರಡು ಬ್ಲೌಸಿಗೆ ಹುಕ್ಕು, ಒಂದು ಪ್ಯಾಂಟಿಗೆ ಜಿಪ್ಪು. ಇಷ್ಟೇ ಕೆಲಸ.

ಜಂಪಣ್ಣ ಬಂದಿದ್ದ — ಬ್ಯಾಂಡ್ ಸೆಟ್ಟಿನ ಮೇಷ್ಟ್ರು. ಇವರು, ನಮ್ಮ ಯಜಮಾನರು, ತೀರಿಕೊಂಡಾಗ ಶಿವಗಣಾರಾಧನೆಗೆ ಬಂದು ಮೂಲೆಯಲ್ಲಿ ಉಂಡು ಹೋದವನು, ಆಮೇಲೆ ಇವತ್ತೇ. ಇವರು ಹೊಲಿಯುತ್ತಿದ್ದ ಬ್ಯಾಂಡಿನ ಕೋಟುಗಳ ಮಾತು ತೆಗೆಯುವಷ್ಟರಲ್ಲಿ ಎರಡು ಟೀ ಆಯಿತು.

"ಹಾಲೇಶಣ್ಣ ಎಲ್ಲಾ ಮುಗಿಸಿದ್ನಾ ಅಕ್ಕಾ?"

"ಗುಂಡಿ ಬಾಕಿ ಅವೆ. ನಾನು ಹಾಕ್ತೀನಿ."

"ಹದಿನೆಂಟಕ್ಕೆ ಜವನಗೊಂಡನಹಳ್ಳಿಯಾಗೆ ಮದುವೆ. ಹಳೇ ಡ್ರೆಸ್ಸು ಹಾಕ್ಕಂಡ್ರೆ ನಮ್ಮನ್ನ ಹೋಟ್ಲು ಸಪ್ಲೈಯರ್ ಅಂತಾರೆ. ಹೋದ್ಸಲ ಒಬ್ಬ ನನ್ನೇ ಕರದು ನೀರು ಕೇಳಿದ."

ನಕ್ಕುಬಿಟ್ಟೆ. ಇವರು ಹೋದ ಮೇಲೆ ಮೊದಲ ಸಲ. ಗೊತ್ತಾದ ಕೂಡಲೇ ನಿಲ್ಲಿಸಿದೆ.

ಫೆ. 6. ಮಧ್ಯಾಹ್ನ 3

ಅಟ್ಟದಿಂದ ಇವರ ಪುಸ್ತಕ ಇಳಿಸಿದೆ. ಗುಂಡಿ ಎಲ್ಲಿ ಬರಬೇಕೋ ನೋಡಬೇಕಿತ್ತು.

ನೆಪೋಲಿಯನ್ ಕಾಲದ ಸಿಪಾಯಿಗಳು. ಪುಟ ತುಂಬ ಬಣ್ಣದ ಚಿತ್ರ. ಬಟ್ಟೆ ತರಲು ಬೆಂಗಳೂರಿಗೆ ಹೋದಾಗಲೆಲ್ಲ ಫುಟ್‌ಪಾತಿನಿಂದ ಒಂದೊಂದು ತರುತ್ತಿದ್ದರು. ಇಂಗ್ಲಿಷ್ ಬರದು. ಚಿತ್ರ ಸಾಕು ಅನ್ನುವರು. ಹೊಸದುರ್ಗ, ಹೊಳಲ್ಕೆರೆ ಬ್ಯಾಂಡಿನವರ ಭುಜದ ಜರಿ ಜೂಲು ಎಲ್ಲ ಈ ಪುಸ್ತಕಗಳದ್ದೇ.

ಮೊದಲ ಕೋಟು ಯಾವಾಗಲೂ ತಮ್ಮ ಅಳತೆಗೆ. ಹಾಕಿಕೊಂಡು, ಚಿತ್ರದವನ ಹಾಗೆ ಒಂದು ಕಾಲು ಮುಂದಿಟ್ಟು, "ಹೆಂಗೈತೆ?" ಅನ್ನುವರು. "ಫ್ರಾನ್ಸಿನೋರು ಬಂದ್ರು, ಕಾಫಿ ಇಡ್ಲಾ?" ಅನ್ನುತ್ತಿದ್ದೆ.

ಈ ಸಲದ ಚಿತ್ರದವನು ಹಿಮದಲ್ಲಿ ನಿಂತಿದ್ದಾನೆ. ಕೈಯಲ್ಲಿ ತುತ್ತೂರಿ. ಹೊರಟವನ ಹಾಗಿಲ್ಲ… ಎಲ್ಲಿಂದಲೋ ವಾಪಸು ಬರುತ್ತಿರುವವನ ಹಾಗಿದ್ದಾನೆ. ಅವನ ಮುಖಕ್ಕೆ ಅಂಗೈ ಮುಚ್ಚಿ ಗುಂಡಿ ನೋಡಿಕೊಂಡೆ.

ಫೆ. 9. ಅಮಾವಾಸ್ಯೆ

ಕೆಲಸ ಮುಟ್ಟಲಿಲ್ಲ. ಕೋಟುಗಳು ಸಾಲಾಗಿ ಹ್ಯಾಂಗರಿನಲ್ಲಿ. ಬಾಗಿಲ ಗಾಳಿಗೆ ತೋಳು ಆಡುತ್ತವೆ. ಕೊನೆಯದು ಇವರ ಅಳತೆಯದು. ಬಾಗಿಲು ಹಾಕಿದೆ. ಉಳಿದವು ನಿಂತವು, ಅದೊಂದು ನಿಲ್ಲಲಿಲ್ಲ.

ಕುರ್ಚಿ ತಿರುಗಿಸಿ ಕೂತೆ.

ಫೆ. 13, ಮಂಗಳವಾರ. ಸಂಜೆ

ಜಂಪಣ್ಣ ಕ್ಲಾರಿನೆಟ್‌ನ ಯೋಗೇಶನನ್ನು ಕರೆತಂದಿದ್ದ. ಹೊಸಬ. ಇವರ ಅಳತೆಯ ಕೋಟು ಅವನಿಗೆ ಹೊಲಿಸಿದ ಹಾಗೆ ಕೂತಿತು. ಬೆನ್ನು ತಿರುಗಿಸಿ ನಿಂತ. ಎದ್ದು ಒಳಗೆ ಹೋದೆ. ಅಡಿಗೆಮನೆಗೆ ಜಂಪಣ್ಣನ ದನಿ ಕೇಳಿತು.

"ಅಕ್ಕಾ, ಎಡಗೈಗೆ ಇದೇನು ಕಪ್ಪು ಪಟ್ಟಿ?"

"ಚಿತ್ರದಾಗೆ ಐತೆ."

"ಎಲ್ಲಾ ಕೋಟಿಗೂ ಐತಲ್ಲ. ಮದುವಿಗೆ ಕಪ್ಪು ಕಟ್ಕಂಡು ಹೋದ್ರೆ ಹೆಣ್ಣಿನ ಕಡೇರು ಡ್ರಮ್ ಬಿಟ್ಟು ನಮ್ಮನ್ನೇ ಬಾರಸ್ತಾರೆ. ಬಿಚ್ಚಿಕೊಡ್ರಿ."

ಇವರು ಕೊನೆಗೆ ಹೊಲಿದದ್ದು ಆ ಪಟ್ಟಿಗಳನ್ನೇ. ಆ ದಿನ ಕೊನೆಯ ತೋಳು ಮುಗಿಸಿ, ದಾರ ಹಲ್ಲಿನಲ್ಲಿ ಕಡಿದು, "ನೀರು ಕೊಡೇ" ಅಂದರು. ತರುವಷ್ಟರಲ್ಲಿ…

ಬಿಚ್ಚುತ್ತೀನಿ ಅಂದಿದ್ದೇನೆ.

ಫೆ. 14. ಬೆಳಿಗ್ಗೆ 10

ಪಕ್ಕದ ಮನೆ ಸಹನಾ ಕಾಲೇಜಿಗೆ ಹೊರಟಿದ್ದಳು. ಪುಸ್ತಕ ತೋರಿಸಿದೆ. ಚಿತ್ರದ ಕೆಳಗಿನ ಸಣ್ಣ ಅಕ್ಷರ ಓದಿದಳು.

"ಈ ಕಪ್ಪು ಪಟ್ಟಿ ಸತ್ತೋರಿಗೋಸ್ಕರ ಕಟ್ಕಳದಂತೆ ಆಂಟಿ. ಅವನ ಆಫೀಸರ್ ತೀರ್ಕಂಡಿದ್ನಂತೆ."

"ಎಲ್ರಿಗೂ ಐತಾ ಹಂಗೆ?"

ಪುಟ ತಿರುಗಿಸುತ್ತಾ ಹೋದಳು. ಬಸ್ಸಿಗೆ ಹೊತ್ತಾಗಿತ್ತು, ಆದರೂ ಪೂರ್ತಿ ನೋಡಿದಳು.

"ಇಲ್ಲ ಆಂಟಿ. ಇವನೊಬ್ಬನಿಗೇ."

ಇಷ್ಟು ಚಿತ್ರ ಬಿಟ್ಟು ಇದನ್ನೇ ಯಾಕೆ ಆರಿಸಿದರು? ಓದಲು ಬರುತ್ತಿರಲಿಲ್ಲ. ನನಗೆ ಗೊತ್ತಿದ್ದ ಮಟ್ಟಿಗೆ ಬರುತ್ತಿರಲಿಲ್ಲ.

ಫೆ. 17, ಶನಿವಾರ. ಸಂಜೆ 6

ಎಲ್ಲ ಬಿಚ್ಚಿದ್ದಾಯಿತು. ಇವರ ಅಳತೆಯದು ಮಾತ್ರ ಉಳಿದಿತ್ತು.

ಜಂಪಣ್ಣನ ಫೋನ್. ಸಹನಾಳ ಅಮ್ಮ ಏನೋ ಹೇಳಿರಬೇಕು. "ಅದೊಂದು ಇಟ್ಕಳ್ರಿ ಅಕ್ಕಾ. ಯೋಗೇಶ ಹಳೇದ್ರಾಗೆ ಬರ್ತಾನೆ."

ಆಗಲಿ ಅನ್ನಲು ಬಾಯಿ ತೆಗೆದೆ.

"ಬ್ಯಾಡ," ಅಂದೆ. "ಅವನ್ನ ಯಾರಾನ ನೀರು ಕೇಳ್ತಾರೆ."

ಫೋನ್ ಇಟ್ಟುಬಿಟ್ಟ.

ಬ್ಲೇಡು ಹಿಡಿದೆ. ಎಷ್ಟು ಸಣ್ಣ ಹೊಲಿಗೆ. ಒಂದೊಂದೇ ಬಿಟ್ಟುಕೊಂಡಿತು. ಕೆಳಗೆ ಇವರ ಸೀಮೆಸುಣ್ಣದ ಗೆರೆ. ಒರೆಸಲಿಲ್ಲ. ತಾನೇ ಉದುರುತ್ತದೆ.

ಪಟ್ಟಿಯನ್ನು ತೋಳಿನ ಒಳಗೆ, ಲೈನಿಂಗಿನಲ್ಲಿ ಹೊಲಿದೆ. ಯಾರಿಗೂ ಕಾಣದು. ಆಮೇಲೆ ಆ ಹುಡುಗಿ ನೆನಪಾದಳು, ಮದುಮಗಳು. ಮುಖ ನೋಡಿಲ್ಲ, ಹೆಸರು ಗೊತ್ತಿಲ್ಲ. ಅದನ್ನೂ ಬಿಚ್ಚಿದೆ.

ನನ್ನ ಎಡತೋಳಿಗೆ ಸುತ್ತಿ ನೋಡಿದೆ. ಸ್ವಲ್ಪ ಉದ್ದ. ಮಡಚಿ ಹೊಲಿಯಬೇಕು. ಸೆರಗಿನೊಳಗೆ ಇರುತ್ತದೆ.

ಕೋಟುಗಳಿಗೆ ಇಸ್ತ್ರಿ ಆಗಿದೆ. ನಾಳೆ ಏಳಕ್ಕೆ ವ್ಯಾನು ಬರುತ್ತದೆ. ಇಲ್ಲೇ ಹಾಕಿಕೊಂಡು ಹೋಗುತ್ತಾರಂತೆ.