ಕುಡಿ ನಾಲಿಗೆ

ಮಾಲೂರು
೧೨-೬-೨೦೨೫, ಗುರುವಾರ

ಚಿ.ಸೌ. ತ್ರಿವೇಣಿಗೆ,

ನಿನ್ನ ಮಾವ ಕೋದಂಡರಾಮಪ್ಪನ ಆಶೀರ್ವಾದ. ರಾಯಲ್ಪಾಡಿನಲ್ಲಿ ನೀನು, ನಿಮ್ಮಪ್ಪ ಆಂಜಿನಪ್ಪನವರು, ತಮ್ಮ ಚಂದ್ರು ಎಲ್ಲರೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಬಿಸಿಲಿಗೆ ಹೋದರೆ ನಿನಗೆ ತಲೆನೋವು ಬರುತ್ತದಲ್ಲ, ತೋಪಿನಲ್ಲಿ ಮಾವಿನಕಾಯಿ ಕೀಳುವ ಕೆಲಸ ನಡೆಯುತ್ತಿರಬೇಕು, ತಲೆಗೆ ಒಂದು ಟವೆಲ್ಲಾದರೂ ಸುತ್ತಿಕೊಂಡು ಹೋಗು. ಇಲ್ಲಿ ನಿಮ್ಮತ್ತೆ ಭಾರತಮ್ಮನ ಮಂಡಿನೋವು ಹಾಗೇ ಇದೆ. ಎಣ್ಣೆ ತಿಕ್ಕಲು ನಾನು ಹೋದರೆ 'ನಿಮ್ಮ ಕೈ ಕಬ್ಬಿಣ, ತ್ರಿವೇಣಿ ಬರ್ಲಿ ಬಿಡಿ' ಅನ್ನುತ್ತಾಳೆ. ನಿನ್ನ ಗಂಡ ಶಿವಶಂಕರ್ ಡೇರಿಗೆ ಹೋಗುತ್ತಾನೆ, ಬರುತ್ತಾನೆ, ಉಣ್ಣುತ್ತಾನೆ. ನನ್ನ ಹತ್ತಿರ ಮಾತು ಎಷ್ಟು ಬೇಕೋ ಅಷ್ಟೇ. ನೀನು ತವರಿಗೆ ಹೋಗಿ ಇವತ್ತಿಗೆ ಹದಿನೆಂಟು ದಿನ.

ಫೋನಿರುವಾಗ ಈ ಮುದುಕ ಯಾಕೆ ಕಾಗದ ಬರೆಯುತ್ತಿದ್ದಾನೆ ಎಂದು ನಗಬೇಡ. ಮೂರು ಸಲ ನಿನ್ನ ನಂಬರು ಒತ್ತಿದೆ, ಮೂರು ಸಲವೂ ರಿಂಗಾಗುವ ಮೊದಲೇ ಕಟ್ ಮಾಡಿದೆ. ನೀನು 'ಹೇಳಿ ಮಾವಯ್ಯ' ಅಂದುಬಿಟ್ಟರೆ ಆಮೇಲೆ ನಾನು ಏನು ಹೇಳಲಿ? ನಾಚಿಕೆ ಕಣಮ್ಮ. ಅರವತ್ತಾರನೇ ವಯಸ್ಸಿನಲ್ಲಿ ಬಂದ ನಾಚಿಕೆ, ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯುತ್ತಿಲ್ಲ.

ನಡುಮನೆಯಲ್ಲಿ ಎರಡು ಪ್ಲೈವುಡ್ ಹಲಗೆ ಜೋಡಿಸಿ ನಾನು ಪುಟ್ಟ ರೈಲು ಕಟ್ಟಲು ಕೂತಾಗ ಎಲ್ಲರೂ ನಕ್ಕರು. 'ಮೂವತ್ನಾಲ್ಕು ವರ್ಷ ರೈಲ್ವೇಲಿ ಪಾಯಿಂಟ್ಸ್‌ಮನ್ ಆಗಿದ್ದು ಸಾಲ್ದು ಅಂತ ಈಗ ಮನೆಯೊಳಗೂ ಹಳಿ ಹಾಕ್ತಾವ್ರೆ' ಎಂದು ನಿಮ್ಮತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದಳು. ನಗದೆ ಬಂದು ಪಕ್ಕದಲ್ಲಿ ಕೂತವಳು ನೀನೊಬ್ಬಳೇ. ಮಲ್ಲಿಗೆ ಕಟ್ಟಿ ಪಳಗಿದ ನಿನ್ನ ಬೆರಳಿಗೆ ಆ ಕೂದಲೆಳೆ ವೈರು ಮಾತು ಕೇಳುತ್ತಿತ್ತು, ನನ್ನ ಕೈಗೆ ಕೇಳುತ್ತಿರಲಿಲ್ಲ. ಇದನ್ನು ನಾನು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ನೀನು ಮದುವೆಯಾಗಿ ಬಂದ ಮೊದಲ ವಾರ ಅಡುಗೆಮನೆಯಲ್ಲಿ ತೆಲುಗಿನಲ್ಲಿ ಏನೋ ಅಂದೆ. ನಾನು ಪೇಪರ್ ಮಡಚಿ, 'ನೋಡಮ್ಮ, ಈ ಮನೇಲಿ ಕನ್ನಡ ಮಾತಾಡೋದು ಕಲಿ' ಅಂದೆ. ಅವತ್ತಿನಿಂದ ನೀನು ಒಂದೊಂದು ಮಾತನ್ನೂ ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಆರಿಸಿ ಆಡುತ್ತಿದ್ದೆ. ನನಗೆ ಅದು ಮರ್ಯಾದೆಯೆಂದು ಹೆಮ್ಮೆ ಬೇರೆ! ನಮ್ಮ ಅವ್ವ ಮುಳಬಾಗಿಲ ಕಡೆಯವಳು, ಸಾಯುವವರೆಗೂ ನನ್ನ ಜೊತೆ ಆಡಿದ್ದು ತೆಲುಗೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾರೋ ನನ್ನ ಮಾತಿಗೆ ನಕ್ಕರೆಂದು ನಾನು ಅದನ್ನು ಬಿಟ್ಟೆ, ಆ ಸಿಟ್ಟನ್ನು ನಿನ್ನ ಮೇಲೆ ತೀರಿಸಿಕೊಂಡೆ.

ಆ ಹಸಿರು ಇಂಜಿನ್ ನಿನಗೆ ನೆನಪಿದೆಯಲ್ಲ. ನೇರ ಹಳಿಯಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಒಂದು ಲೈನಿನಿಂದ ಇನ್ನೊಂದಕ್ಕೆ ತಿರುಗುವ ಪಾಯಿಂಟಿನ ಹತ್ತಿರ ಬಂದರೆ ಮಾತ್ರ ಐದಕ್ಕೊಂದು ಸಲ ದಡಕ್ಕನೆ ಹಳಿಯಿಂದ ಕೆಳಗೆ. ನಾನು ಚಕ್ರಗಳ ನಡುವಿನ ಅಂತರ ಅಳೆದೆ, ಸರಿಯಾಗಿತ್ತು. ಹಲಗೆ ವಾಲಿದೆಯೇನೋ ಎಂದು ಕೆಳಗೆ ರಟ್ಟು ಕೊಟ್ಟೆ. ಇಂಜಿನ್ನಿನೊಳಗೆ ಸೀಸದ ತುಂಡಿಟ್ಟು ತೂಕ ಹೆಚ್ಚಿಸಿದೆ. ಬೀಳುವುದು ನಿಲ್ಲಲಿಲ್ಲ. ನೀನು ಕರೆಂಟು ಆರಿಸಿ, ಹಲಗೆಗೆ ಕೆನ್ನೆಯಿಟ್ಟು, ಇಂಜಿನ್ನನ್ನು ಒಂದೇ ಬೆರಳಿನಲ್ಲಿ ಮೆಲ್ಲಗೆ ತಳ್ಳಿ, ಯಾವ ಚಕ್ರ ಮೊದಲು ಮೇಲೇಳುತ್ತದೆ ಎಂದು ನೋಡಿದೆ. ಹತ್ತು ಹನ್ನೆರಡು ಸಲ ನೋಡಿದೆ. ಪಾಯಿಂಟಿನಲ್ಲಿ ಅತ್ತಿತ್ತ ಸರಿಯುವ ಎರಡು ಚೂಪು ಹಳಿಗಳಿಗೆ ನಾಲಿಗೆ ಅನ್ನುತ್ತಾರೆ ಎಂದು ನಿನಗೆ ಹೇಳಿಕೊಟ್ಟವನು ನಾನೇ. 'ಮಾವಯ್ಯ, ಕುಡಿ ನಾಲಿಗೆ ಪಕ್ಕದ ಹಳಿಗೆ ನೆಟ್ಟಗೆ ಅಂಟ್ಕೊಳ್ತಿಲ್ಲ. ಒಂಚೂರು ಅರ ಹಾಕಿದ್ರೆ ಸಾಕು' ಅಂದೆ. ಅಷ್ಟರಲ್ಲಿ ಒಳಗೆ ಹಾಲು ಉಕ್ಕಿತೆಂದು ಓಡಿದೆ.

ಕುಡಿ ಅಂದರೆ ನನ್ನ ತಲೆಗೆ ಬಂದದ್ದು ತುದಿ. ದೀಪದ ಕುಡಿ, ಕುಡಿಬಾಳೆ ಎಲೆ ಅನ್ನುತ್ತೇವಲ್ಲ, ಆ ಕುಡಿ. ಕನ್ನಡವನ್ನೇ ಆಡಬೇಕೆಂದು ಕಟ್ಟಪ್ಪಣೆ ಮಾಡಿದವನಿಗೆ ಬೇರೆ ಅರ್ಥ ಹೊಳೆಯುವುದಾದರೂ ಹೇಗೆ? ಒಂದು ಸಲ 'ಯಾವುದಮ್ಮಾ?' ಎಂದು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಸೊಸೆಯನ್ನು ಕೇಳುವುದೇ? ಅರ ತೆಗೆದುಕೊಂಡು ಎರಡು ನಾಲಿಗೆಗಳ ತುದಿಯನ್ನೂ ಚೆನ್ನಾಗಿ ತೇಯ್ದುಬಿಟ್ಟೆ.

ಮಾರನೆಯ ದಿನ ಭಾನುವಾರ ನಿಮ್ಮಪ್ಪನೂ ಚಂದ್ರುವೂ ಮಾವಿನಹಣ್ಣು ಹೊತ್ತುಕೊಂಡು ಬಂದರು. ನಾನು ಜಂಬದಿಂದ ಅವರನ್ನು ಕೂರಿಸಿ ರೈಲು ಬಿಟ್ಟೆ. ತುದಿ ಮೊಂಡಾಗಿದ್ದರಿಂದ ಐದಕ್ಕೊಂದು ಸಲ ಬೀಳುತ್ತಿದ್ದ ಇಂಜಿನ್ ಅವತ್ತು ಬಿಟ್ಟ ಸಲವೆಲ್ಲ ಬಿತ್ತು. ಚಂದ್ರು ತಮಾಷೆಗೆ, 'ಅಂಕಲ್, ನಿಜವಾದ ರೈಲನ್ನ ಹೆಂಗೆ ಕಳಿಸ್ತಿದ್ರಿ?' ಅಂದ. ಹುಡುಗಾಟದ ಮಾತು, ನನಗೆ ಮೈಯೆಲ್ಲ ಉರಿದುಹೋಯಿತು. 'ಬಾಯಲ್ಲಿ ಒಂದು ಭಾಷೆ ನೆಟ್ಟಗಿಲ್ಲ, ಇವಳು ನನಗೆ ಪಾಯಿಂಟ್ ಹೇಳ್ಕೊಡೋಕೆ ಬಂದ್ಲು' ಎಂದು ನಿನ್ನ ಮೇಲೆ ಕಿರುಚಿದೆ. ನಿಮ್ಮಪ್ಪ ಹೋಳಿಗೆ ತಟ್ಟೆಯನ್ನು ಹಾಗೇ ಕೆಳಗಿಟ್ಟರು. ನೀನು 'ತಪ್ಪಾಯ್ತು ಮಾವಯ್ಯ' ಅಂದೆ. ಸಂಜೆ ಬಸ್ಸಿಗೆ ಅವರ ಜೊತೆ ಹೊರಟುಹೋದೆ. ಅವತ್ತು ನಾನು ಇನ್ನೂ ಒಂದು ಮಾತು ಆಡಿದ್ದೆ, ಅದನ್ನು ಬರೆಯೋಣವೆಂದರೆ ಕೈ ಮುಂದೆ ಹೋಗುತ್ತಿಲ್ಲ.

ಮೊನ್ನೆ ಮಂಗಳವಾರ ಕನ್ನಡಕ ಬದಲಾಯಿಸಲು ಕೋಲಾರಕ್ಕೆ ಹೋಗಿದ್ದೆ. ಟೊಮೇಟೊ ಮಂಡಿಯ ಗೇಟಿನ ಹತ್ತಿರ ಟೀ ಕುಡಿಯುತ್ತಾ ನಿಂತಿದ್ದಾಗ ಆಂಧ್ರದ ಲಾರಿಯೊಂದು ರಿವರ್ಸ್ ಬರುತ್ತಿತ್ತು. ತಲೆಗೆ ಟವೆಲ್ ಸುತ್ತಿದ ವಯಸ್ಸಾದ ಕ್ಲೀನರ್ ಒಬ್ಬ ಲಾರಿಯ ಹಿಂಬದಿ ಬಡಿಯುತ್ತಾ 'ಕುಡಿ, ಕುಡಿ, ಕುಡಿ ಪಕ್ಕ ರಾ!' ಎಂದು ಕೂಗಿದ. ಲಾರಿ ಬಲಕ್ಕೆ ತಿರುಗಿತು. ಅಯ್ಯೋ ದೇವರೇ, ಬಲಕ್ಕೆ ತಿರುಗಿತು ಕಣಮ್ಮ! ಎಡಗೈಯಲ್ಲಿ ತಿಂದರೆ ನಮ್ಮವ್ವ ಬೆರಳಿಗೆ ಹೊಡೆದು 'ಕುಡಿ ಚೇತ್ತೋ ತಿನರಾ' ಅನ್ನುತ್ತಿದ್ದಳು. ಹುಟ್ಟಿದಾಗಿನಿಂದ ಬಲ್ಲ ಮಾತು ಅದು. ನೀನು ಹೇಳಿದ್ದು ಬಲಗಡೆಯ ನಾಲಿಗೆ. ಅವಸರದಲ್ಲಿ ಒಂದೇ ಒಂದು ತೆಲುಗು ಮಾತು ನಿನ್ನ ಬಾಯಿಂದ ಜಾರಿತ್ತು.

ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ಹಲಗೆಯ ಮುಂದೆ ಕೂತೆ. ಬಲನಾಲಿಗೆಯ ಪಕ್ಕವನ್ನು ಉಗುರಿನಲ್ಲಿ ಸವರಿದೆ. ಸಾಸಿವೆಯ ಕಾಲುಭಾಗದಷ್ಟು ಲೋಹದ ಗಂಟು ಅಲ್ಲಿ ಹಾಗೇ ಕೂತಿತ್ತು. ಅದಿದ್ದರೆ ನಾಲಿಗೆ ಹಳಿಗೆ ಹೇಗೆ ಅಂಟೀತು? ಅದನ್ನಷ್ಟೇ ಎರಡು ಸಲ ಉಜ್ಜಿದ್ದರೆ ಸಾಕಿತ್ತು. ಈಗ ಉಜ್ಜಿ ಪ್ರಯೋಜನವಿಲ್ಲ, ನನ್ನ ಕೈಯಿಂದ ತುದಿಗಳೇ ಹೋಗಿವೆ. ಇಂಜಿನ್ನನ್ನು ಬಟ್ಟೆ ಸುತ್ತಿ ಬೀರುವಿನಲ್ಲಿಟ್ಟಿದ್ದೇನೆ.

'ಬಾ' ಎಂದು ಕರೆಯುವ ಬಾಯಿ ನನಗಿಲ್ಲ. ಇಪ್ಪತ್ತೆರಡನೇ ತಾರೀಖು ಭಾನುವಾರ ಶಿವಶಂಕರ್ ಅಲ್ಲಿಗೆ ಬರುತ್ತಾನೆ. ನಿನಗೆ ಮನಸ್ಸಾದರೆ ಅವನ ಜೊತೆ ಹೊರಡು, ಆಗದಿದ್ದರೆ ಅಲ್ಲೇ ಇರು, ಯಾರೂ ನಿನ್ನನ್ನು ಒಂದು ಮಾತು ಅನ್ನುವುದಿಲ್ಲ. ಬಂದರೆ ಈ ಮನೆಯಲ್ಲಿ ನಿನಗೆ ಯಾವ ಭಾಷೆ ಬಾಯಿಗೆ ಬರುತ್ತದೋ ಅದನ್ನು ಆಡು. ನಿಮ್ಮಪ್ಪನವರಿಗೆ ನನ್ನ ನಮಸ್ಕಾರ ಹೇಳು. ನೀನು ಎಲ್ಲಿದ್ದರೂ ತಲೆಯೆತ್ತಿಕೊಂಡು ಚೆನ್ನಾಗಿರು ತಾಯಿ.

ಇಂತಿ ನಿನ್ನ ಮಾವ,
ಕೋದಂಡರಾಮಪ್ಪ

ಮತ್ತೊಂದು ಮಾತು: ಅಂಚೆಗೆ ಹಾಕಲು ಹೊರಟವನು ಗೇಟಿನಿಂದ ವಾಪಸ್ ಬಂದು ಬರೆಯುತ್ತಿದ್ದೇನೆ. ಅವತ್ತು ಚಂದ್ರು ಬಗ್ಗಿ ನೋಡಿ 'ಇದನ್ನ ಯಾರು ಹಿಂಗೆ ತೇಯ್ದಿರೋದು?' ಎಂದು ಕೇಳಿದಾಗ ನಾನು ನಿನ್ನ ಕಡೆ ಕೈ ತೋರಿಸಿ 'ಇವಳೇ, ನನ್ನನ್ನ ಕೇಳ್ದೆ' ಅಂದೆ. ತೇಯ್ದವನು ನಾನೆಂದು ನಿನಗೆ ಗೊತ್ತಿತ್ತು, ಅರದ ಪುಡಿ ಗುಡಿಸಿದವಳು ನೀನೇ. ಆದರೂ ತಪ್ಪಾಯ್ತು ಅಂದು ನಿಮ್ಮವರ ಮುಂದೆ ನನ್ನ ಮಾನ ಉಳಿಸಿದೆ. ಶಿವಶಂಕರನಿಗೆ ಇವತ್ತು ಬೆಳಿಗ್ಗೆ ನಿಜ ಹೇಳಿದೆ, ಅವನು ತಿಂಡಿ ಬಿಟ್ಟು ಎದ್ದುಹೋದ. ನಿಮ್ಮಪ್ಪನವರು ಮಾತ್ರ ತಮ್ಮ ಮಗಳು ಬೀಗರ ಮನೆಯ ಸಾಮಾನು ಕೆಡಿಸಿದಳೆಂದು ಇನ್ನೂ ತಲೆ ತಗ್ಗಿಸಿಕೊಂಡಿರಬೇಕು. ಆದ್ದರಿಂದ ಈ ಕಾಗದವನ್ನು ನೀನೊಬ್ಬಳೇ ಓದಿ ಮಡಚಿಡಬೇಡ. ನನ್ನ ಮಾನ ಹೋಗುತ್ತದೆಂದು ಈ ಸಲವೂ ಮುಚ್ಚಿಡಬೇಡ. ನಿಮ್ಮಪ್ಪನವರನ್ನೂ ಚಂದ್ರುವನ್ನೂ ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಓದು: ಹಾಳು ಮಾಡಿದ್ದು ನಾನು, ಸುಳ್ಳು ಹೇಳಿದ್ದೂ ನಾನು.